ಕೆಂಪು ಪಿನ್ನಿನ ನಾಲಿಗೆಗಳು

ಜೂನ್ ೨

ಅಕ್ಕಾ,

ಕಾಗದ ಈರುಳ್ಳಿ ವಾಸನೆ ಹೊಡೆದರೆ ಮೂಗು ಮುರಿಯಬೇಡ. ಫ್ಯಾಕ್ಟರಿ ಹಾಸ್ಟೆಲ್ ಸೇರಿದ ದಿನವೇ ವಾರ್ಡನಮ್ಮ ನಮ್ಮೆಲ್ಲರ ಫೋನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಾಳೆ. ದಿನಾ ಹೊರಗೆ ಹೋಗಿ ಬರುವವಳು ಅಡುಗೆಯವಳೊಬ್ಬಳೇ. ಅವಳ ತರಕಾರಿ ಚೀಲದ ತಳದಲ್ಲಿ ಈ ಕಾಗದ ಹೊರಟಿದೆ. ಅವಳ ಹತ್ತಿರವೂ ಫೋನಿಲ್ಲ, ನೀನೂ ಅವಳ ಮನೆ ವಿಳಾಸಕ್ಕೇ ಬರೆ.

ಕೆಲಸ ಅದೇ. ಹೊಲಿದು ಬಂದ ಅಂಗಿ ಮಡಚು, ಬೆಲೆಚೀಟಿ ಸಿಕ್ಕಿಸು, ಪೆಟ್ಟಿಗೆಗೆ ತುಂಬು. ಚೀಟಿ ಸಿಕ್ಕಿಸಲು ಒಂದು ಗನ್ ಇದೆ, ಟ್ಯಾಗ್ ಗನ್ ಅನ್ನುತ್ತಾರೆ. ಮುಂದೆ ದಬ್ಬಣದಂಥ ಟೊಳ್ಳು ಸೂಜಿ. ಬಟ್ಟೆಗೆ ಚುಚ್ಚಿ ಬಂದೂಕಿನ ಹಾಗೆ ಕುದುರೆ ಎಳೆದರೆ ಪ್ಲಾಸ್ಟಿಕ್ ಪಿನ್ನು ಆ ಬದಿಗೆ ಹೋಗಿ ಅಡ್ಡ ಬೀಳುತ್ತದೆ. ಕತ್ತರಿಸದೆ ಹೊರಗೆ ಬರುವುದಿಲ್ಲ.

ಈಗ ಒಂದು ಸುದ್ದಿ, ಬೈಯಬಾರದು. ಆ ಗನ್ನಿನಿಂದ ನಮ್ಮ ಲೈನಿನ ಹುಡುಗಿಯರೆಲ್ಲ ನಾಲಿಗೆಗೆ ಕೆಂಪು ಪಿನ್ನು ಹಾಕಿಕೊಂಡಿದ್ದೇವೆ. ಹಾಕಿದವಳು ನಾನೇ! ಮೊದಲು ಬಚ್ಚಲಿನ ಕನ್ನಡಿ ಮುಂದೆ ನಿಂತು ನನ್ನ ನಾಲಿಗೆಯನ್ನೇ ಬಟ್ಟೆಯಿಂದ ಹಿಡಿದು ಎಳೆದು ಕುದುರೆ ಒತ್ತಿದೆ. ಕಣ್ಣಿಗೆ ಕತ್ತಲೆ ಕವಿಯಿತು. ಸಿಂಕಿನ ತುಂಬ ರಕ್ತ. ಆಮೇಲೆ ಸಾಲಾಗಿ ಎಲ್ಲರಿಗೂ. ಒಬ್ಬೊಬ್ಬರಿಗೂ ಸೂಜಿಯನ್ನು ಕಲೆ ತೆಗೆಯುವ ಸ್ಪ್ರೇ ಹೊಡೆದು ಒರೆಸಿಯೇ ಚುಚ್ಚಿದ್ದೇನೆ. ಮೆಷಿನ್ ಎಣ್ಣೆಯ ಕಲೆಯನ್ನೇ ತಿಂದುಹಾಕುವ ಸ್ಪ್ರೇ ಅದು, ಅದರ ಮುಂದೆ ಕ್ರಿಮಿ ಯಾವ ಲೆಕ್ಕ? ಪಿನ್ನೂ ಉದ್ದದ್ದಲ್ಲ, ಕಾಲುಚೀಲದ ಜೋಡಿಗೆ ಹಾಕುವ ಗಿಡ್ಡ ಪಿನ್ನು. ಹಲ್ಲಿಗೆ ತಾಗಬಾರದಲ್ಲ. ಹಲ್ಲಿನ ಆಸ್ಪತ್ರೆ ನರ್ಸಿನ ತಂಗಿ ಎಷ್ಟು ಹುಷಾರಿ ನೋಡಿಕೋ.

ಗುಂಡಿ ಹೊಲಿಯುವ ವಿಭಾಗದಿಂದ ಬಂದವಳೊಬ್ಬಳು ನನ್ನ ಪಕ್ಕದ ಮಂಚದಲ್ಲಿದ್ದಾಳೆ. ಎಲ್ಲರೂ ಅವಳನ್ನು 'ಗುಂಡಿ' ಅಂತಲೇ ಕರೆಯುವುದು. ಅವಳೊಬ್ಬಳು ಬೇಡ ಬೇಡ ಅಂತ ಕೊಸರಾಡಿದಳು. ಇಬ್ಬರು ಕೆನ್ನೆ ಒತ್ತಿ ಹಿಡಿದರು, ನಾನು ಎಳೆದೆ. ಆಮೇಲೆ ಸುಮ್ಮನಾದಳು.

ಯಾಕೆ ಅಂತ ಕೇಳಬೇಡ. ಚೆನ್ನಾಗಿ ಕಾಣುತ್ತೆ ಅಂದುಕೋ.

ನಿನ್ನ ಬಜಾರಿ


ಜೂನ್ ೮

ಲೇ ಬಜಾರಿ,

ನಿನ್ನ ಕೈಗೆ ಬೆಂಕಿ ಬೀಳ! ಬೈಯಬಾರದಂತೆ. ಎದುರಿಗಿದ್ದಿದ್ದರೆ ಕಾಗದವನ್ನೇ ಬರೆಯುತ್ತಿರಲಿಲ್ಲ, ಕಪಾಳಕ್ಕೆ ಬಿಗಿಯುತ್ತಿದ್ದೆ.

ಶೋಕಿಗೆ ನಾಲಿಗೆಯೇ ಬೇಕಿತ್ತಾ? ನಾನು ಬೆಳಗಿನಿಂದ ಸಂಜೆವರೆಗೆ ಇದನ್ನೇ ನೋಡುತ್ತಿರುತ್ತೇನೆ. ನಾಲಿಗೆಯ ಕಡ್ಡಿಯನ್ನು ಹಲ್ಲಿನಿಂದ ಕಟಕಟ ಕಡಿದು ಕಡಿದು ದವಡೆ ಹಲ್ಲು ಸೀಳಿಕೊಂಡು ಬರುತ್ತಾರೆ. ತುಟಿಗೆ ರಿಂಗು ಹಾಕಿಕೊಂಡವರ ಮುಂದಿನ ಒಸಡು ಸವೆದು ಬೇರು ಕಾಣುತ್ತಿರುತ್ತದೆ. ಸವೆದ ಒಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ ಕಣೇ, ಕೂದಲಲ್ಲ ಅದು. ನಾಲಿಗೆಯೊಳಗೆ ದಪ್ಪ ರಕ್ತನಾಳ ಇದೆ, ನರ ಇದೆ. ಒಂದೇ ಸೂಜಿ ಎಲ್ಲರ ಬಾಯಿಗೂ ಹೋಯಿತು ಅಂದರೆ ಒಬ್ಬಳ ರಕ್ತದ ಕಾಮಾಲೆ ಎಲ್ಲರಿಗೂ ಹೋಯಿತು ಅಂತಲೇ ತಿಳಿ. ಕಲೆ ತೆಗೆಯುವ ಸ್ಪ್ರೇ! ಅಂಗಿಯ ಕಲೆ ತೆಗೆಯುವ ವಿಷವನ್ನು ಬಾಯಿಗೆ ಬಿಟ್ಟಿದ್ದೀಯ. ಅದು ಕ್ರಿಮಿ ಕೊಲ್ಲುವುದಿಲ್ಲ, ಚರ್ಮ ಸುಡುತ್ತದೆ.

ಗಿಡ್ಡ ಪಿನ್ನು ಹಾಕಿದ್ದು ಜಾಣತನ ಅಂದುಕೊಂಡೆಯಾ? ಚುಚ್ಚಿದ ನಾಲಿಗೆ ಊದಿಯೇ ಊದುತ್ತದೆ. ಕಸುಬು ಗೊತ್ತಿದ್ದವರು ಅದಕ್ಕೇ ಮೊದಲು ಉದ್ದದ ಕಡ್ಡಿ ಹಾಕುತ್ತಾರೆ.

ಕಳೆದ ವರ್ಷ ಒಬ್ಬಳು ಬೀದಿ ಬದಿಯಲ್ಲಿ ಕೂತು ಒಬ್ಬನ ನಾಲಿಗೆ ಚುಚ್ಚಿದಳು. ಅವನ ನಾಲಿಗೆಯ ಕೆಳಗೆ ಕೀವು ತುಂಬಿ ಗಂಟಲು ಮುಚ್ಚಿತು. ನಮ್ಮ ಬಾಗಿಲಿಗೆ ಬರುವಾಗಲೇ ಮುಖ ನೀಲಿ. ಸತ್ತ. ಎಲ್ಲರೂ ಪಾಪ, ಅವಳಿಗೆ ಗೊತ್ತಿರಲಿಲ್ಲ ಅಂದರು. ನಾನು ಅವಳನ್ನು ಕೊಲೆಗಾತಿ ಅಂದೆ. ಇವತ್ತಿಗೂ ಅದನ್ನೇ ಅನ್ನುತ್ತೇನೆ.

ಪಿನ್ನು ತೆಗೆಸು. ಎಲ್ಲರದ್ದೂ.

ಅಕ್ಕ


ಜೂನ್ ೧೫

ಅಕ್ಕಾ,

ಶೋಕಿ ಅಂದೆಯಲ್ಲ. ಕೇಳಿಸಿಕೋ ಹಾಗಾದರೆ, ನಾನು ಬರೆಯದೆ ಬಿಟ್ಟದ್ದನ್ನು.

ನಮ್ಮ ಸೂಪರ್‌ವೈಸರನಿಗೆ ಲೈನಿನಲ್ಲಿ ಮಾತಾಡಿದರೆ ಆಗುವುದಿಲ್ಲ. ಕೆಮ್ಮಿದರೂ ಮಾತಾಡಿದ ಹಾಗೆ. ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಗುಂಡಿ ಬಚ್ಚಲಿಗೆ ಹೋಗಬೇಕು ಅಂತ ಎರಡನೇ ಸಲ ಕೇಳಿದಳು. "ಬಾಯಿ ಜಾಸ್ತಿ ಆಯ್ತು ನಿಂದು" ಅಂತ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪು ಕಿತ್ತು ಅವಳ ಬಾಯಿಗೆ ಅಡ್ಡ ಅಂಟಿಸಿದ, ತಲೆಯ ಸುತ್ತ ಒಂದು ಸುತ್ತು ತಂದ. ಶಿಫ್ಟು ಮುಗಿಯುವವರೆಗೆ ಹಾಗೇ ಕೆಲಸ ಮಾಡಿಸಿದ. ನಿಂತಲ್ಲೇ ಅವಳ ಬಟ್ಟೆ ಒದ್ದೆಯಾಯಿತು. ಮೇಲಿನ ಆಫೀಸಿನ ಗಂಡಸರು ಗಾಜಿನ ಹಿಂದಿನಿಂದ ನೋಡಿ ನಕ್ಕರು. ಟೇಪು ಕೀಳುವಾಗ ತುಟಿಯ ಸಿಪ್ಪೆ, ಕಿವಿ ಹಿಂದಿನ ಕೂದಲು ಎಲ್ಲ ಬಂತು. ಅವತ್ತಿನಿಂದ ಅವನ ಹೆಸರು ಟೇಪಣ್ಣ.

ನಾವು ಏನು ಮಾಡಬೇಕಿತ್ತು? ಅರ್ಜಿ ಬರೆದು ಟೇಪಣ್ಣನ ಕೈಗೇ ಕೊಡಬೇಕಿತ್ತಾ? ಮಾತು ಬೇಡ ಅಂದೆಯಲ್ಲ ಟೇಪಣ್ಣಾ, ಇಗೋ ನಾಲಿಗೆ ನೋಡು ಅಂತ ಪಿನ್ನು ಹಾಕಿಕೊಂಡೆವು. ಅವನು ಲೈನಿನ ಮುಂದೆ ಹಾದುಹೋಗುವಾಗ ಒಬ್ಬೊಬ್ಬಳೂ ನಾಲಿಗೆ ಚಾಚುವುದು. ಸದ್ದಿಲ್ಲ, ಮಾತಿಲ್ಲ, ಕೈ ಕೆಲಸ ನಿಲ್ಲಿಸುವುದಿಲ್ಲ. ಕೆಂಪು ಪಿನ್ನು, ಕೆಂಪು ಪಿನ್ನು, ಕೆಂಪು ಪಿನ್ನು. ಅವನ ಮುಖ ನೋಡಬೇಕಿತ್ತು ನೀನು! ಪಕ್ಕದ ಎರಡು ಲೈನಿನವರೂ ಬಂದು ನಮಗೂ ಹಾಕು ಅಂದರು. ಹಾಕಿದೆ.

ಗುರುವಾರ ಅವನು ಇಕ್ಕುಳ ತಂದ. ಇಬ್ಬರು ಕಾವಲುಗಾರರನ್ನು ಹಿಂದೆ ನಿಲ್ಲಿಸಿಕೊಂಡು ನಮ್ಮ ಲೈನಿನ ಒಬ್ಬೊಬ್ಬಳ ದವಡೆ ಅದುಮಿ ಬಾಯಿ ತೆಗೆಸಿದ. ಕತ್ತರಿಸಲಿಲ್ಲ, ಎಳೆದ. ಅಡ್ಡ ಬಿದ್ದ ಪಿನ್ನು ಮಾಂಸ ಹರಿದುಕೊಂಡೇ ಬಂತು. ನನ್ನ ಸರದಿ ಬಂದಾಗ ಅವನ ಬೆರಳು ಕಚ್ಚಿದೆ. ಇಕ್ಕುಳ ತಿರುಗಿಸಿ ಬಾಯಿಗೇ ಹೊಡೆದ, ಆಮೇಲೆ ಪಿನ್ನು ಕಿತ್ತ. ಮುಂದಿನ ಒಂದು ಹಲ್ಲು ಅರ್ಧ ಹೋಗಿದೆ. ಬಿಳಿ ಅಂಗಿಗಳ ರಾಶಿಯ ಮೇಲೆ ನಮ್ಮ ರಕ್ತ. ಆ ಅಂಗಿಗಳಿಗೆ ಅವನೇ ನಿಂತು ಕಲೆ ತೆಗೆಯುವ ಸ್ಪ್ರೇ ಹೊಡೆಸಿದ. ಪೆಟ್ಟಿಗೆ ತುಂಬಿ ಕಳಿಸಿದ್ದಾಯಿತು. ಯಾವನೋ ಹಾಕಿಕೊಂಡು ಮದುವೆಗೆ ಹೋಗುತ್ತಾನೆ.

ಒಂದು ತಮಾಷೆ ಮಾತ್ರ ಕೇಳು. ಗುಂಡಿಯ ಬಾಯಿ ತೆರೆಸಿ ತಿರುವಿ ತಿರುವಿ ನೋಡಿದ, ಅವನಿಗೆ ಪಿನ್ನೇ ಸಿಗಲಿಲ್ಲ! "ನೀನೊಬ್ಬಳಾದ್ರೂ ಬುದ್ಧಿವಂತೆ, ಮೊದಲೇ ತೆಗೆದಿದ್ದೀಯ" ಅಂತ ಬೆನ್ನು ತಟ್ಟಿ ಮುಂದೆ ಹೋದ. ಪಿನ್ನು ಒಳಗೇ ಇದೆ ಕಣೇ, ನಾಲಿಗೆ ಸ್ವಲ್ಪ ದಪ್ಪ ಆಗಿ ಮುಚ್ಚಿಕೊಂಡಿದೆ ಅಷ್ಟೆ. ನಾವು ನಕ್ಕಿದ್ದೇ ನಕ್ಕಿದ್ದು.

ನೀನು ಬಿಳಿ ಕೋಟಿನವರ ಹಿಂದೆ ಓಡಾಡಿ ಅವರ ಹಾಗೇ ಮಾತಾಡಲು ಕಲಿತಿದ್ದೀಯ. ಒಸಡಂತೆ, ನರವಂತೆ. ಇಲ್ಲಿ ಬಾಯಿಯನ್ನೇ ಮುಚ್ಚಿಸುತ್ತಿದ್ದಾರೆ.

ಬಜಾರಿ


ಜೂನ್ ೧೯

ಬಜಾರಿ,

ನನ್ನನ್ನು ಎಷ್ಟು ಬೇಕಾದರೂ ಬೈದುಕೋ, ಆಮೇಲೆ. ಮೊದಲು ಗುಂಡಿಯನ್ನು ನೋಡು. ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ನೋಡು.

ಅದು ತಮಾಷೆಯಲ್ಲ. ನಾಲಿಗೆ ಪಿನ್ನನ್ನು ನುಂಗಿದೆ. ಗಾಯ ಮೇಲಿಂದ ಮುಚ್ಚಿ ಒಳಗೆ ಕೀವು ಕಟ್ಟುತ್ತಿದೆ. ಅವಳ ಗಲ್ಲದ ಕೆಳಗೆ ಕೈ ಇಟ್ಟು ಒತ್ತು. ಹಲಗೆಯ ಹಾಗೆ ಗಟ್ಟಿ ಇದೆಯಾ? ಜೊಲ್ಲು ನುಂಗಲಾಗದೆ ಸೋರುತ್ತಿದೆಯಾ? ನಾಲಿಗೆ ಮೇಲಕ್ಕೆದ್ದು ಅಂಗುಳಕ್ಕೆ ಒತ್ತಿಕೊಂಡಿದೆಯಾ? ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವಳ ಹಾಗೆ ಮಾತಾಡುತ್ತಾಳಾ? ಮಲಗಲು ಆಗದೆ ಕೂತೇ ಇರುತ್ತಾಳಾ? ಇದರಲ್ಲಿ ಒಂದಿದ್ದರೂ ಕಾಯಬೇಡ. ಹಲ್ಲಿನ ಡಾಕ್ಟರ ಹತ್ತಿರವೂ ಬೇಡ, ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಓಡು. ಉಪ್ಪುನೀರು, ಐಸು, ಮಾತ್ರೆ ಅಂತ ಕೂತರೆ ಉಸಿರು ಕಟ್ಟುತ್ತದೆ.

ಪಕ್ಕದ ಲೈನಿನವರ ಪಿನ್ನು ಯಾರೂ ಎಳೆಯಬಾರದು. ಆಸ್ಪತ್ರೆಯಲ್ಲಿ ಒಂದು ತುದಿ ಕತ್ತರಿಸಿ ತೆಗೆಸಿ. ಈ ಹಾಳೆಯನ್ನು ಬಚ್ಚಲಿನ ಗೋಡೆಗೆ ಅಂಟಿಸು. ನಮ್ಮ ಆಸ್ಪತ್ರೆಯಲ್ಲೂ ಚುಚ್ಚಿಕೊಳ್ಳಬೇಡಿ ಅನ್ನುವ ಪೋಸ್ಟರಿದೆ, ಸುಣ್ಣದಂಥ ಹಲ್ಲು ಕಿಸಿದ ಸುಂದರಿಯ ಚಿತ್ರ ಹಾಕಿ 'ನಗುವನ್ನು ಕಾಪಾಡಿಕೊಳ್ಳಿ' ಅಂತ. ಅದನ್ನು ನೋಡುವವರು ಯಾರೂ ಚುಚ್ಚಿಕೊಂಡವರಲ್ಲ.

ಟೇಪಿನ ವಿಷಯ ಮೊದಲೇ ಯಾಕೆ ಹೇಳಲಿಲ್ಲ?

ಅಕ್ಕ


ಜೂನ್ ೨೭

ಬಜಾರಿ,

ಉತ್ತರ ಯಾಕಿಲ್ಲ? ಗುಂಡಿ ಹೇಗಿದ್ದಾಳೆ, ಅಷ್ಟು ಬರೆ. ಒಂದೇ ಸಾಲು ಸಾಕು.

ಅಕ್ಕ


ಜುಲೈ ೩

ಅಕ್ಕಾ,

ಜೀವ ಇದೆ.

ನಿನ್ನ ದೊಡ್ಡ ಕಾಗದ ಬಂದದ್ದು ಎಲ್ಲ ಮುಗಿದ ಮೇಲೆ. ಅದಕ್ಕೂ ಮೊದಲೇ ಬಂದಿರುತ್ತಿತ್ತು, ಗಂಟು ಎದ್ದ ದಿನವೇ ನಾನು ಬರೆದಿದ್ದರೆ. ಅವಳ ಗಲ್ಲದ ಕೆಳಗೆ ಗಂಟು ಎದ್ದದ್ದು ನನಗೆ ಮೊದಲೇ ಗೊತ್ತಿತ್ತು. ಕೊಲೆಗಾತಿ ಅಂತ ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಗಂಟು ಅಂತ ಬರೆಯಲು ನನ್ನ ಕೈ ಬರಲಿಲ್ಲ. ದಿನ ದೂಡಿದೆ, ಕೊನೆಗೆ ನಾಲಿಗೆ ಸ್ವಲ್ಪ ದಪ್ಪ ಅಂತ ಬರೆದೆ. ಆಮೇಲೆ ನಕ್ಕೆವು ಅಂತ ಸೇರಿಸಿದೆ. ನಿನ್ನ ತಪ್ಪು ಅನ್ನುತ್ತಿಲ್ಲ. ನಡೆದದ್ದು ಹಾಗೆ.

ಭಾನುವಾರ ಬೆಳಿಗ್ಗೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಕತ್ತು ಕಿವಿಯಿಂದ ಕಿವಿಯವರೆಗೆ ಊದಿ ಇಟ್ಟಿಗೆಯಾಗಿತ್ತು. ಬಾಯಿ ಮುಚ್ಚಲು ಆಗದೆ ನಾಲಿಗೆಯ ತುದಿ ಹೊರಗೆ. ಎದೆಯ ಮೇಲೆಲ್ಲ ಜೊಲ್ಲು. ಉಸಿರು ಒಳಗೆ ಹೋಗುವಾಗ ಕೀಲಿಗೆ ಎಣ್ಣೆಯಿಲ್ಲದ ಬಾಗಿಲಿನ ಸದ್ದು. ರಜೆಯ ದಿನ ಹಾಸ್ಟೆಲಿನ ಗೇಟಿಗೆ ಬೀಗ. ವಾರ್ಡನಮ್ಮ ಬಂದು ನೋಡಿದಳು.

"ನಾಟಕ ಆಡ್ತಾಳೆ. ಮಾಡ್ಕೊಂಡಿದ್ದು ಉಣ್ಲಿ. ಸೋಮವಾರ ಫ್ಯಾಕ್ಟ್ರಿ ಡಾಕ್ಟ್ರು ಬರ್ತಾರೆ."

"ಅಮ್ಮಾ, ಉಸಿರಾಡ್ತಿಲ್ಲ ನೋಡಿ ಅವಳು!"

"ಚುಚ್ಚೋವಾಗ ಅಮ್ಮ ನೆನಪಾಗ್ಲಿಲ್ವಾ?"

ಕಾಲು ಹಿಡಿದೆವು. ಸೆರಗು ಕೊಡವಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಗುಂಡಿಯ ತುಟಿ ನೀಲಿಯಾಗತೊಡಗಿತು. ನೀನು ಬರೆದಿದ್ದೆಯಲ್ಲ, ಆ ನೀಲಿ. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬಂದು ಗೇಟಿನ ಬೀಗಕ್ಕೆ ಬಡಿದೆ. ಕಾವಲುಗಾರ ಕೋಲು ಬೀಸಿದ, ಬೆನ್ನಿಗೆ ಬಿತ್ತು, ಮೊಣಕೈಗೆ ಬಿತ್ತು. ಹುಡುಗಿಯರು ಅವನನ್ನು ಕೆಡವಿ ಮೇಲೆ ಕೂತರು. ಕೂತವರಲ್ಲಿ ಒಬ್ಬಳು ಅಡುಗೆಯವಳು, ಅವಳ ತೂಕ ನಿನಗೆ ಗೊತ್ತಿಲ್ಲ, ಅವನು ಅಲ್ಲಾಡಲಿಲ್ಲ. ಬೀಗ ಮುರಿಯಿತು. ತರಕಾರಿ ತರುವ ಕೈಗಾಡಿಯಲ್ಲಿ ಗುಂಡಿಯನ್ನು ಕೂರಿಸಿ ತಳ್ಳಿದೆವು.

ಬೀದಿಯ ತಿರುವಿನಲ್ಲಿ ಟೇಪಣ್ಣ ಬೈಕು ಅಡ್ಡ ಹಾಕಿದ. ವಾರ್ಡನಮ್ಮ ಫೋನು ಮಾಡಿದ್ದಳು. "ವಾಪಸ್ ಒಳಗೆ ನಡೀರೇ, ಹೊರಗೆ ಗಲಾಟೆ ಮಾಡಿ ಕಂಪನಿ ಮಾನ ತೆಗೀತೀರಾ" ಅಂತ ಗುಂಡಿಯ ತೋಳು ಹಿಡಿದು ಗಾಡಿಯಿಂದ ಎಳೆದ. ಅವಳು ಜಾರಿ ಬಿದ್ದಳು. ಟ್ಯಾಗ್ ಗನ್ನು ನನ್ನ ಸೊಂಟದಲ್ಲಿತ್ತು. ಎಲ್ಲಾದರೂ ಎಸೆಯೋಣ ಅಂತ ಸಿಕ್ಕಿಸಿಕೊಂಡಿದ್ದೆ. ತೆಗೆದು ಅವನ ಕೆಳತುಟಿಗೆ ಒತ್ತಿ ಕುದುರೆ ಎಳೆದೆ. ಆ ಕಡೆ ಹಲ್ಲಿಗೆ ಸೂಜಿ ತಾಗಿದ್ದು ಕೈಗೆ ಗೊತ್ತಾಯಿತು. ಇನ್ನೊಂದು ಸಲ ಎಳೆದೆ. ಅವನು ಬಾಯಿ ಹಿಡಿದುಕೊಂಡು ಕೂತ. ಎರಡು ಕೆಂಪು ಪಿನ್ನು ನೇತಾಡುತ್ತಿದ್ದವು.

ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಅವಳ ಉಸಿರು ನಿಂತಿತು. ಬಾಯಿಂದ ಕೊಳವೆ ಹೋಗಲಿಲ್ಲ, ನಾಲಿಗೆ ಬಿಡಲಿಲ್ಲ. ಡಾಕ್ಟರಮ್ಮ ಅಲ್ಲೇ, ಆ ಗಾಡಿಯ ಮೇಲೆಯೇ, ಕತ್ತಿನ ಮುಂದೆ ಕೊಯ್ದರು. ರಕ್ತ ಚಿಮ್ಮಿ ನನ್ನ ಮುಖಕ್ಕೆ ಬಿತ್ತು. ಆಮೇಲೆ ಆ ತೂತಿನಿಂದ ಬುಸ್ ಅಂತ ಉಸಿರು ಬಂತು. ಗಲ್ಲದ ಕೆಳಗೆ ಮತ್ತೆ ಕೊಯ್ದು ಕೀವು ತೆಗೆದರು. ನಾಲಿಗೆಯೊಳಗಿಂದ ಪಿನ್ನು ತೆಗೆದು ತಟ್ಟೆಯಲ್ಲಿಟ್ಟು ಕೇಳಿದರು, "ಇದೇನಿದು? ಅಂಗಡಿ ಬಟ್ಟೇಲಿರುತ್ತಲ್ಲ, ಅದಾ?"

ಈಗ ಕಂಪನಿಯವರು ಒಂದು ಹೇಳಿಕೆ ಬರೆದುಕೊಂಡು ಬಂದಿದ್ದಾರೆ. ಗುಂಡಿ ತಾನೇ ಶೋಕಿಗೆ ಚುಚ್ಚಿಕೊಂಡಳು, ಹಾಸ್ಟೆಲಿನವರು ತಡಮಾಡದೆ ಆಸ್ಪತ್ರೆಗೆ ಸೇರಿಸಿದರು ಅಂತ. ಅದಕ್ಕೆ ನಾನು ಸಾಕ್ಷಿ ಸಹಿ ಹಾಕಿದರೆ ನನ್ನ ಮೇಲೆ ಕೇಸಿಲ್ಲ. ಇಲ್ಲದಿದ್ದರೆ ಚುಚ್ಚಿದ್ದಕ್ಕೆ ಒಂದು, ಟೇಪಣ್ಣನ ತುಟಿಗೆ ಒಂದು. ಅಧಿಕಾರಿ ಬಂದು ವಿಚಾರಣೆ ಮಾಡುವವರೆಗೆ ಯೋಚಿಸು ಅಂದಿದ್ದಾರೆ.

ಏನು ಮಾಡಲಿ?

ಬಜಾರಿ


ಜುಲೈ ೮

ನನ್ನ ಬಂಗಾರ,

ಸಹಿ ಹಾಕು.

ನಾನು ಇದನ್ನು ಬರೆಯಬಾರದು ಅಂತ ಗೊತ್ತು. ನರ್ಸಾಗಿ ಬರೆಯುತ್ತಿಲ್ಲ, ನಿನ್ನನ್ನು ಎತ್ತಿ ಬೆಳೆಸಿದವಳಾಗಿ ಬರೆಯುತ್ತಿದ್ದೇನೆ. ಜೈಲಿನಲ್ಲಿ ನಿನ್ನ ಬಾಯಿಗೆ ಏನು ಅಂಟಿಸುತ್ತಾರೋ ನನಗೆ ಗೊತ್ತಿಲ್ಲ. ಗುಂಡಿ ಬದುಕಿದ್ದಾಳೆ. ಸತ್ಯ ಹೇಳಿದರೆ ಅವಳ ಕತ್ತಿನ ತೂತು ಮುಚ್ಚುವುದಿಲ್ಲ. ಸಹಿ ಹಾಕು, ಕೆಲಸ ಬಿಡು, ಬಸ್ಸು ಹತ್ತಿ ನನ್ನ ಹತ್ತಿರ ಬಾ. ಅರ್ಧ ಹಲ್ಲನ್ನು ನಮ್ಮ ಡಾಕ್ಟರ ಕೈಯಲ್ಲಿ ಕಟ್ಟಿಸುತ್ತೇನೆ. ನಾನೇ ಬರೋಣವೆಂದು ರಜೆ ಕೇಳಿದೆ. ಕೆಲಸ ಬಿಟ್ಟು ಹೋಗು ಅಂದರು.

ಕೊಲೆಗಾತಿ ಅಂದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಇಷ್ಟು ವರ್ಷ ಎದುರಿಗೆ ಬಂದು ಬಾಯಿ ತೆರೆದವರಿಗೆಲ್ಲ ಬೈದೇ ಬುದ್ಧಿ ಹೇಳಿದ್ದೇನೆ. ಅವರಲ್ಲಿ ಎಷ್ಟು ಜನ ಮುಂದಿನ ಸಲ ಬಾಯಿ ತೆರೆಯಲೇ ಇಲ್ಲವೋ.

ಅವನ ತುಟಿಗೆ ಚುಚ್ಚಿದೆ ಅಂತ ಓದಿದಾಗ ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆ ಕಣೇ. ಆಮೇಲೆ ಕಾಗದ ಮತ್ತೆ ಓದಿದೆ. ಅದೇ ಸೂಜಿ ಅಲ್ಲವಾ? ಅವನಿಗೂ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಲಿ, ರಕ್ತ ಪರೀಕ್ಷೆ ಮಾಡಿಸಲಿ. ಅವನ ಹೆಂಡತಿ ಏನು ತಪ್ಪು ಮಾಡಿದ್ದಾಳೆ. ನೀವೂ ಎಲ್ಲರೂ ಮಾಡಿಸಿ. ಈಗೊಂದು ಸಲ, ಕೆಲವು ತಿಂಗಳು ಬಿಟ್ಟು ಇನ್ನೊಂದು ಸಲ. ಕಾಮಾಲೆ ರಕ್ತದಲ್ಲಿ ತಡವಾಗಿ ತೋರಿಸಿಕೊಳ್ಳುತ್ತದೆ.

ಸಹಿ ಹಾಕು.

ನಿನ್ನ ಅಕ್ಕ


ಜುಲೈ ೧೭

ಅಕ್ಕಾ,

ಹಾಕಲಿಲ್ಲ.

ವಿಚಾರಣೆ ಆಸ್ಪತ್ರೆಯ ವಾರ್ಡಿನಲ್ಲೇ ನಡೆಯಿತು, ಗುಂಡಿಯ ಮಂಚದ ಸುತ್ತ. ಕಾರ್ಮಿಕ ಇಲಾಖೆಯ ಅಧಿಕಾರಿ, ಪೊಲೀಸಿನವನು, ಕಂಪನಿಯ ವಕೀಲ, ವಾರ್ಡನಮ್ಮ, ತುಟಿಗೆ ಬಿಳಿ ಪಟ್ಟಿ ಹಾಕಿಕೊಂಡ ಟೇಪಣ್ಣ. ನಮ್ಮವರು ಬಾಗಿಲಿನಲ್ಲಿ, ಕಿಟಕಿಯಲ್ಲಿ, ಮೆಟ್ಟಿಲ ಮೇಲೆ. ಆ ದಿನ ಮೂರು ಲೈನು ಕೆಲಸಕ್ಕೆ ಹೋಗಿರಲಿಲ್ಲ.

ವಕೀಲ ಆ ಹೇಳಿಕೆಯನ್ನು ಓದಿ ನನ್ನ ಮುಂದೆ ಹಿಡಿದ. ನಾನು ಹರಿದೆ. ಹರಿದು ಭಾಷಣಕ್ಕೆ ನಿಂತೆ. ನಿನಗೆ ಗೊತ್ತಲ್ಲ ನನ್ನ ಗಂಟಲು. ಟೇಪಿನಿಂದ ಶುರು ಮಾಡಿದೆ, ಇಕ್ಕುಳ ಹೇಳಿದೆ, ಬೀಗ ಹೇಳಿದೆ. ಪಿನ್ನು ನಮ್ಮ ಹೋರಾಟದ ಬಾವುಟ, ನಾವೆಲ್ಲ ಒಂದೇ ಮನಸ್ಸಿನಿಂದ ಹಾಕಿಕೊಂಡೆವು ಅಂದೆ. ಕಿಟಕಿಯಲ್ಲಿದ್ದವರು ಹೋ ಅಂತ ಕೂಗಿದರು.

ಆಗ ಗುಂಡಿ ಮಂಚದ ಕಬ್ಬಿಣಕ್ಕೆ ಚಮಚದಿಂದ ಬಡಿದಳು. ಎಲ್ಲರೂ ಅವಳ ಕಡೆ ತಿರುಗಿದರು. ಕತ್ತಿನ ಕೊಳವೆಯ ಬಾಯಿಗೆ ಬೆರಳು ಅಡ್ಡ ಇಟ್ಟರೆ ಅವಳಿಗೆ ಮಾತು ಬರುತ್ತದೆ, ಒಂದು ಉಸಿರಿಗೆ ನಾಲ್ಕೈದು ಪದ. ನಾಲಿಗೆ ಇನ್ನೂ ಸರಿಯಾಗಿ ತಿರುಗುವುದಿಲ್ಲ. ಬೆರಳು ಇಟ್ಟಳು.

"ಬೀಗ ಹಾಕಿದ್ದು ಆ ಅಮ್ಮ." ಬೆರಳು ತೆಗೆದು ಉಸಿರೆಳೆದಳು. "ಗಾಡಿಯಿಂದ ಎಳೆದಿದ್ದು ಅವನು." ಮತ್ತೆ ಉಸಿರು. ಆಮೇಲೆ ನನ್ನ ಕಡೆ ತಿರುಗಿದಳು. "ಒಂದೇ ಮನಸ್ಸು ಅಲ್ಲ. ನಾನು ಬೇಡ ಅಂದಿದ್ದೆ. ನನ್ನ ಬಾಯಿ ಹಿಡಿದು ತೆಗೆಸಿದ್ರು. ಇವಳು ಚುಚ್ಚಿದಳು."

ವಕೀಲನ ಮುಖ ಅರಳಿತು. ಕಿಟಕಿಯಲ್ಲಿದ್ದ ನಮ್ಮವಳೊಬ್ಬಳು "ಲೇ ಗುಂಡಿ, ಯಾರ ಕಡೆ ಮಾತಾಡ್ತಿದ್ದೀಯೇ!" ಅಂತ ಚೀರಿದಳು. "ಬಾಯಿ ಮುಚ್ಚೇ" ಅಂತ ಇನ್ನೊಬ್ಬಳು. ಅಕ್ಕಾ, ನಮ್ಮವರು, ಅವಳಿಗೆ, ಬಾಯಿ ಮುಚ್ಚು ಅಂದರು.

ಅಧಿಕಾರಿ ನನ್ನನ್ನು ಕೇಳಿದ, "ನಿಜಾನಾ?"

"ನಿಜ" ಅಂದೆ. "ಚುಚ್ಚಿದ್ದು ನಾನು. ಅವಳು ಬೇಡ ಅಂದಿದ್ದಳು. ಆಮೇಲೆ ಗಂಟು ಬಂದಿದ್ದು ಗೊತ್ತಿದ್ದೂ ಮುಚ್ಚಿಟ್ಟೆ. ಅದನ್ನೂ ಬರ್ಕೊಳ್ಳಿ, ಬೀಗಾನೂ ಬರ್ಕೊಳ್ಳಿ. ಒಂದು ಬರೆದು ಒಂದು ಬಿಟ್ಟರೆ ನಾನು ಇಲ್ಲಿಂದ ಏಳೋದಿಲ್ಲ."

ಬರೆದುಕೊಂಡರು. ಡಾಕ್ಟರಮ್ಮ ನಿಂತು ಬರೆಸಿದರು. ಒಂದೇ ಜೀಪಿನಲ್ಲಿ ನಮ್ಮ ಮೂವರನ್ನೂ ಕೂರಿಸಿದರು, ಹಿಂದಿನ ಸೀಟಿನಲ್ಲಿ ನಾನು, ವಾರ್ಡನಮ್ಮ, ನಡುವೆ ಟೇಪಣ್ಣ. ದಾರಿಯುದ್ದಕ್ಕೂ ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಅವರಿಬ್ಬರಿಗೆ ಮಾರನೇ ದಿನವೇ ಜಾಮೀನಾಯಿತು. ನನಗಿಲ್ಲ. ಈ ಕಾಗದ ಲಾಕಪ್ಪಿನಿಂದ, ನನಗೆ ಊಟ ತರುವ ಅಡುಗೆಯವಳ ಡಬ್ಬಿಯಲ್ಲಿ ಹೊರಟಿದೆ. ಪಕ್ಕದ ಲೈನಿನವರೆಲ್ಲ ಪಿನ್ನು ಕತ್ತರಿಸಿ ತೆಗೆಸಿದ್ದಾರಂತೆ, ಎಲ್ಲರೂ ಪರೀಕ್ಷೆಗೆ ರಕ್ತ ಕೊಟ್ಟಿದ್ದಾರಂತೆ. ಕೆಲಸಕ್ಕಿನ್ನೂ ಹೋಗಿಲ್ಲವಂತೆ. ಗೇಟಿನ ಬೀಗ ಹೋಗುವವರೆಗೆ ಹೋಗುವುದಿಲ್ಲವಂತೆ.

ನನ್ನ ಹಲ್ಲು ಹಾಗೇ ಇರಲಿ. ನನ್ನ ಜಾಮೀನಿಗೆ ಓಡಾಡಬೇಡ. ರಜೆ ಕೊಡದಿದ್ದರೂ ಬಾ, ಬಂದರೆ ಇಲ್ಲಿಗಲ್ಲ, ಗುಂಡಿಯ ಹತ್ತಿರ ಹೋಗು. ಕೊಳವೆಯ ಒಳಗಿನ ಸಣ್ಣ ಕೊಳವೆಯನ್ನು ತೆಗೆದು ತೊಳೆಯುತ್ತಿರಬೇಕಂತೆ, ಕಫ ಎಳೆಯಬೇಕಂತೆ. ಅಷ್ಟು ದೊಡ್ಡ ವಾರ್ಡಿಗೆ ಒಬ್ಬಳೇ ನರ್ಸು. ನಿನಗೆ ಆ ಕೆಲಸ ಬರುತ್ತದೆ.

ಆದರೆ ಹೋದ ಕೂಡಲೇ ಕೈ ಹಾಕಬೇಡ. ನೀನು ನನ್ನ ಅಕ್ಕ ಅಂತ ಮೊದಲು ಹೇಳು. ಮಾಡಲಾ ಅಂತ ಕೇಳು. ಅವಳು ಬೆರಳು ಇಟ್ಟು ಉತ್ತರ ಹೇಳುವವರೆಗೆ ನಿಲ್ಲು, ತಡವಾಗುತ್ತದೆ, ನಿಲ್ಲು. ಬೇಡ ಅಂದರೆ ಬೇಡ. ಹೊರಗೆ ಬೆಂಚಿದೆ, ಅಲ್ಲಿ ಕೂತಿರು.

ಬಜಾರಿ